ಗುಟ್ಟಿನ ಧಣಿ, ಗುಟ್ಟಿನ ದೂರು

ಕೂಲಿ ತಗೊಂಡು ಬರೆಯೋದು ತಪ್ಪು ಅಂತ ನಾವು ಹೇಳೋದಿಲ್ಲ. ನಮ್ಮ ತಾತ ಮುತ್ತಾತಂದಿರು ಧಣಿಗಳ ಹೊಲದಲ್ಲಿ ಬಿಟ್ಟಿ ಚಾಕರಿ ಮಾಡಿ ಸತ್ತರು. ಕೂಲಿ ಕೊಡಿ ಅಂದಿದ್ದಕ್ಕೆ ಏಟು ತಿಂದರು. ಅಂಥವರ ಮೊಮ್ಮಕ್ಕಳಾದ ನಾವು ಇವತ್ತು ಎದ್ದು ನಿಂತು ದುಡ್ಡು ಮುಟ್ಟಿದ ಅಕ್ಷರ ಮೈಲಿಗೆ ಅಂದರೆ ಅದೂ ಮಡಿವಂತಿಕೆಯೇ. ನಮ್ಮ ಜಗಳ ಕೂಲಿಯ ಮೇಲಲ್ಲ. ಕೂಲಿ ಕೊಟ್ಟವನ ಹೆಸರು ಬಚ್ಚಿಟ್ಟು, ಇದನ್ನು ಯಾರೂ ಬರೆಸಿದ್ದಲ್ಲ, ಜನ ತಾವಾಗಿಯೇ ಬರೆದದ್ದು ಅಂತ ನಂಬಿಸುತ್ತಾರಲ್ಲ, ಆ ಮೋಸದ ಮೇಲೆ.

ನಾವು ಹೇಳ್ತಿರೋದು ವಿಕಿಪೀಡಿಯದ ವಿಚಾರ. ಅದೆಲ್ಲ ಇಂಗ್ಲಿಷ್ ಬಲ್ಲವರ ಆಟ, ಹೊಟ್ಟೆಗಿಲ್ಲದ ನಮಗೇಕೆ ಅಂತ ಮೂಗು ಮುರಿಯುವ ಗೆಳೆಯರು ನಮ್ಮಲ್ಲೇ ಇದ್ದಾರೆ. ಸ್ವಲ್ಪ ತಾಳಿ. 2001ರ ಜನವರಿಯಲ್ಲಿ ಇಂಗ್ಲಿಷಿನಲ್ಲಿ, 2003ರಲ್ಲಿ ಕನ್ನಡದಲ್ಲಿ ಶುರುವಾದ ಈ ವಿಶ್ವಕೋಶಕ್ಕೆ ಬರೆಯೋಕೆ ಪಿಎಚ್.ಡಿ. ಬೇಡ, ಶಿಫಾರಸು ಬೇಡ, ಯಾವ ಪೀಠದ ಆಶೀರ್ವಾದವೂ ಬೇಡ. ಖಾತೆಗೆ ಯಾವ ಹೆಸರು ಬೇಕಾದರೂ ಇಟ್ಟುಕೊಳ್ಳಬಹುದು. ಇದು ನಮಗೆ ಸಣ್ಣ ವಿಷಯವಲ್ಲ. ಯಾಕೆಂದರೆ ನಮ್ಮ ದೇಶದಲ್ಲಿ ಹೆಸರು ಅಂದರೆ ಬರೀ ಹೆಸರಲ್ಲ. ಹೆಸರು ಕೇಳಿದವನು ಅಪ್ಪನ ಹೆಸರು ಕೇಳ್ತಾನೆ. ಆಮೇಲೆ ಊರು ಕೇಳ್ತಾನೆ. ಊರು ಹೇಳಿದರೆ ಊರಲ್ಲಿ ಯಾವ ಕಡೆ ಅಂತ ಕೇಳ್ತಾನೆ. ಅದು ಗೊತ್ತಾದ ಮೇಲೆ ನಾವು ಬರೆದದ್ದನ್ನು ಓದೋದೇ ಇಲ್ಲ. ವಿಕಿಪೀಡಿಯದಲ್ಲಿ ಬರೆದದ್ದಕ್ಕೆ ಆಧಾರ ಎಲ್ಲಿ ಅಂತ ಕೇಳ್ತಾರೆಯೇ ಹೊರತು ಬರೆದವನು ಯಾವ ಕೇರಿಯವನು ಅಂತ ಕೇಳೋ ಹಾಗಿಲ್ಲ. ಹೆಸರು ಮರೆಸಿಕೊಂಡು ಬರೆಯುವ ಈ ಅವಕಾಶ ನಮ್ಮಂಥವರಿಗೆ ಒಂದು ಸೂರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ಕನ್ನಡ ವಿಕಿಪೀಡಿಯದಲ್ಲಿ ಲೇಖನ ತಿದ್ದುವ ಗುಂಡಿಯ ಮೇಲೆ 'ಸಂಪಾದಿಸಿ' ಅಂತ ಇರುತ್ತೆ. ಯಾವ ಪುಣ್ಯಾತ್ಮರು ಆರಿಸಿದ ಪದವೋ! ಸಂಪಾದನೆ ಅಂದರೆ ತಿದ್ದಿ ಅಣಿಗೊಳಿಸೋದೂ ಹೌದು, ಕಾಸು ಮಾಡೋದೂ ಹೌದು. ಎರಡನೇ ಅರ್ಥ ಹಿಡಿದವರು ಆ ಸೂರಿನ ಕೆಳಗೇ ಅಂಗಡಿ ಇಟ್ಟಿದ್ದಾರೆ. ಕಂಪನಿಗೆ, ಖಾಸಗಿ ಕಾಲೇಜಿಗೆ, ರಾಜಕಾರಣಿಗೆ, ಸಿನಿಮಾದವರಿಗೆ, ಸ್ವಾಮಿಗಳಿಗೆ, ಎಲ್ಲರಿಗೂ ತಮ್ಮ ಮೇಲೊಂದು ಪುಟ ಬೇಕು. ಜಾಹೀರಾತು ಕೊಟ್ಟರೆ ಜನ ಅರ್ಧ ನಂಬುತ್ತಾರೆ. ವಿಕಿಪೀಡಿಯದಲ್ಲಿ ಬಂದರೆ ಪೂರ್ತಿ ನಂಬುತ್ತಾರೆ. ಹಂಗಾಗಿ ಏಜೆನ್ಸಿ ಹಿಡೀತಾರೆ. ಏಜೆನ್ಸಿ ಹತ್ತಾರು ಖಾತೆ ತೆರೆಯುತ್ತೆ. ಒಂದು ಖಾತೆ ಬರೆಯುತ್ತೆ, ಇನ್ನೊಂದು ಖಾತೆ ಭೇಷ್ ಅನ್ನುತ್ತೆ, ಮೂರನೆಯದು ಬಂದು ಟೀಕೆಯ ಸಾಲನ್ನು 'ಆಧಾರ ಸಾಲದು' ಅಂತ ಅಳಿಸುತ್ತೆ. ಮೂರರ ಹಿಂದೆಯೂ ಇರುವ ಕೈ ಒಂದೇ. ಪಂಚಾಯ್ತಿಯಲ್ಲಿ ಧಣಿಯ ಆಳುಗಳೇ ಮೂರು ಮೂಲೆಯಲ್ಲಿ ಕೂತು 'ಹೌದು ಬುದ್ಧಿ' ಅಂದ ಹಾಗೆ.

ಇದು ಕಟ್ಟುಕತೆ ಅಲ್ಲ. 2013ರ ಅಕ್ಟೋಬರಿನಲ್ಲಿ ಇಂಗ್ಲಿಷ್ ವಿಕಿಪೀಡಿಯದ ಸ್ವಯಂಸೇವಕರು ಇಂಥ 250ಕ್ಕೂ ಹೆಚ್ಚು ಖಾತೆಗಳನ್ನು ಹಿಡಿದು ಮುಚ್ಚಿದ್ದು ಹೊರಬಂತು. ಬೆರಳು ತಿರುಗಿದ್ದು ಅಮೆರಿಕದ ವಿಕಿ-ಪಿಆರ್ ಎಂಬ ಕಂಪನಿಯ ಕಡೆ. ಮರುತಿಂಗಳು ವಿಕಿಮೀಡಿಯ ಫೌಂಡೇಶನ್ ಆ ಕಂಪನಿಗೆ ವಕೀಲರ ನೋಟಿಸು ಕಳಿಸಿತು. 2014ರ ಜೂನಿನಲ್ಲಿ ಬಳಕೆಯ ನಿಯಮಗಳಿಗೇ ಒಂದು ಕಲಮು ಸೇರಿತು. ಹಣ ತಗೊಂಡು ಬರೆಯುವವರು ಯಾರು ಸಂಬಳ ಕೊಡ್ತಾರೆ, ಯಾವ ಗಿರಾಕಿಗಾಗಿ ಬರೀತಿದ್ದೀರಿ, ನಿಮಗೂ ಅವರಿಗೂ ಏನು ಸಂಬಂಧ ಅನ್ನೋದನ್ನ ಹೇಳಲೇಬೇಕು. ಹೇಳಿದರೆ ಬರೆಯಬಹುದು. ನೋಡಿ, ಅಲ್ಲೂ ಕೂಲಿ ಅಪರಾಧ ಅಲ್ಲ.

2015ರ ಆಗಸ್ಟ್ ಕೊನೆಯಲ್ಲಿ ಸಿಕ್ಕಿಬಿದ್ದ ಗುಂಪಂತೂ ಹಫ್ತಾ ವಸೂಲಿಗೆ ಇಳಿದಿತ್ತು. ಯಾರೋ ಸಣ್ಣ ವ್ಯಾಪಾರದವರು, ಕಲಾವಿದರು ತಮ್ಮ ಬಗ್ಗೆ ಒಂದು ಲೇಖನ ಕಳಿಸಿರ್ತಾರೆ. ಅದು ಪ್ರಚಾರದ ಧಾಟಿಯಲ್ಲಿದೆ ಅಂತ ತಿರಸ್ಕೃತವಾಗಿರುತ್ತೆ. ಆಗ ಈ ಗುಂಪಿನವನು ಅನುಭವಸ್ಥನ ವೇಷದಲ್ಲಿ ಬಂದು, ದುಡ್ಡು ಕೊಡಿ ಹಾಕಿಸ್ತೀನಿ ಅಂತಾನೆ. ಹಾಕಿಸಿದ ಮೇಲೆ, ತಿಂಗಳು ತಿಂಗಳು ಕೊಡ್ತಾ ಇದ್ದರೆ ಪುಟ ಅಳಿಸದ ಹಾಗೆ ನೋಡ್ಕೋತೀನಿ ಅಂತಾನೆ. ಒಟ್ಟು 381 ಖಾತೆಗಳನ್ನು ಮುಚ್ಚಿದರು, 210 ಲೇಖನಗಳನ್ನು ತೆಗೆದುಹಾಕಿದರು. ಬಿಟ್ಟಿಯಾಗಿ ಸಿಗುವ ನೀರಿನ ಕೆರೆಗೆ ಬೇಲಿ ಹಾಕಿ ಕೊಡಕ್ಕಿಷ್ಟು ಅಂತ ವಸೂಲಿ ಮಾಡುವವರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಧಣಿ ಕಾಣಿಸಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. 2010ರ ಸುಮಾರಿಗೆ ಗೂಗಲ್ ಕಂಪನಿ ಕನ್ನಡ, ತಮಿಳು, ತೆಲುಗು, ಹಿಂದಿ ಮೊದಲಾದ ವಿಕಿಪೀಡಿಯಗಳಿಗೆ ಇಂಗ್ಲಿಷ್ ಲೇಖನಗಳನ್ನು ಕೂಲಿ ಅನುವಾದಕರಿಂದ, ತನ್ನದೇ ಅನುವಾದದ ಉಪಕರಣದಲ್ಲಿ ಮಾಡಿಸಿ ತುಂಬಿಸಿತು. ಆ ಭಾಷೆ ಓದಿದರೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ. ಆದರೆ ಮಾಡಿಸಿದ್ದು ಗೂಗಲ್ ಅನ್ನೋದು ಗೊತ್ತಾಗಿತ್ತು. ಗೊತ್ತಿದ್ದದ್ದರಿಂದಲೇ ತಮಿಳಿನವರು ಕಂಪನಿಯನ್ನು ಎದುರು ಕೂರಿಸಿಕೊಂಡು ವಾದ ಮಾಡಿದರು. ಬಂಗಾಳಿಗಳು ಇಂಥ ಸರಕು ನಮಗೆ ಬೇಡ ಅಂತ ಅಳಿಸಿಯೇ ಬಿಟ್ಟರು. ಧಣಿಯ ಬಾಗಿಲು ಎಲ್ಲಿದೆ ಅಂತ ಗೊತ್ತಿದ್ದರೆ ತಮಟೆ ಹಿಡಕೊಂಡು ಹೋಗಬಹುದು. ಬಾಗಿಲೇ ಇಲ್ಲದವನ ಮುಂದೆ ಏನು ಬಾರಿಸೋದು?

ಈಗ ಮೂಗು ಮುರಿದ ಗೆಳೆಯರಿಗೆ ಉತ್ತರ. ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ನಾವು. ಈ ಕಾಲೇಜು ಹೆಂಗೆ, ಆ ಕೋರ್ಸು ಓದಿದರೆ ಕೆಲಸ ಸಿಗುತ್ತಾ ಅಂತ ಕೇಳೋಕೆ ಮನೆಯಲ್ಲಿ ಓದಿದ ಚಿಕ್ಕಪ್ಪ ಇರಲಿಲ್ಲ, ಅಮೆರಿಕದ ಭಾವ ಇರಲಿಲ್ಲ. ಮೇಲ್ಜಾತಿಯ ಹುಡುಗನಿಗೆ ಊಟದ ಮನೆಯಲ್ಲೇ ಸಿಗುವ ಈ ಬುದ್ಧಿಮಾತನ್ನು ನಾವು ಮೊಬೈಲಿನಲ್ಲಿ ಹುಡುಕಿ ತಗೋಬೇಕು. ಹುಡುಕಿದರೆ ಮೊದಲು ಸಿಗೋದೇ ವಿಕಿಪೀಡಿಯ. ಈಗೀಗ ಮಾತಾಡುವ ಯಂತ್ರಗಳು ಬಂದಿವೆ. ಅವಕ್ಕೆ ಉಣ್ಣಿಸಿರುವುದರಲ್ಲೂ ಇದೇ ಬರಹ ಇದೆ. ಹಾಗಾಗಿ ಅಲ್ಲಿ ಸುಳ್ಳು ಬರೆಸಿದರೆ ಮೊದಲು ಮುಳುಗುವವರು ಕೇಳೋಕೆ ಬೇರೆ ದಿಕ್ಕಿಲ್ಲದವರು.

ಮುಳುಗಿಯೂ ಇದ್ದಾರೆ. ಐಐಪಿಎಂ ಅಂತ ಒಂದು ಮ್ಯಾನೇಜ್‌ಮೆಂಟ್ ಸಂಸ್ಥೆ ಇತ್ತು. ದೆಹಲಿಯದು, ಬೆಂಗಳೂರಿನಲ್ಲೂ ಶಾಖೆ ಇತ್ತು. ಪತ್ರಿಕೆಗಳಲ್ಲಿ ಪುಟದಗಲ ಜಾಹೀರಾತು, ಐಐಎಂಗಳನ್ನೇ ಮೀರಿಸುವ ಮಾತು, ಫೀಸು ಲಕ್ಷಗಟ್ಟಲೆ. ಇದು ವಿಶ್ವವಿದ್ಯಾಲಯವೇ ಅಲ್ಲ, ಪದವಿ ಕೊಡುವ ಹಕ್ಕಿಲ್ಲ ಅಂತ ಯುಜಿಸಿ ಹೇಳಿತ್ತು. 2014ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟು ಎಂಬಿಎ, ಬಿಬಿಎ ಅನ್ನುವ ಪದಗಳನ್ನೇ ಬಳಸಬಾರದು ಅಂತ ತಡೆಯಿತು. ಇಷ್ಟೆಲ್ಲ ಆಗುವ ಹೊತ್ತಿಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಏನು ನಡೆದಿತ್ತು ಗೊತ್ತಾ? ಒಂದು ಖಾತೆ ವರ್ಷಗಟ್ಟಲೆ ಆ ಸಂಸ್ಥೆಯ ಪುಟವನ್ನು ಕಾವಲು ಕಾಯುತ್ತಿತ್ತು. ಟೀಕೆ ತೆಗೆಯೋದು, ಟೀಕೆಯ ಕೊಂಡಿ ಕಿತ್ತುಹಾಕೋದು, ಹೊಗಳಿಕೆ ಉಳಿಸೋದು. ಆ ಖಾತೆ ಬರೀ ಬರಹಗಾರನದಲ್ಲ, 2010ರಿಂದ ಅಡ್ಮಿನ್‌ನದು. ಕಾವಲುಗಾರರ ಕಾವಲುಗಾರ! ಕೆಲವು ಸ್ವಯಂಸೇವಕರು ಬೆನ್ನು ಬಿಡದೆ ದೂರು ಹಿಡಿದುಕೊಂಡು ಓಡಾಡಿದ ಮೇಲೆ 2015ರ ಫೆಬ್ರವರಿಯಲ್ಲಿ ಅಲ್ಲಿನ ಪಂಚಾಯ್ತಿ ಸಮಿತಿ ಆ ಖಾತೆಯನ್ನು ಹೊರಗಟ್ಟಿತು. ಮರುತಿಂಗಳು ನ್ಯೂಸ್‌ವೀಕ್ ಪತ್ರಿಕೆ ಈ ಕತೆಯನ್ನು ಲೋಕಕ್ಕೆ ಹೇಳಿತು. ಆ ಖಾತೆಯವರು ಹಣ ತಗೊಂಡಿದ್ದರು ಅಂತ ರುಜುವಾತಾಗಲಿಲ್ಲ. ಅದನ್ನೂ ಹೇಳಬೇಕು. ದೂರಿಗೂ ಪುಕಾರಿಗೂ ಇರುವ ವ್ಯತ್ಯಾಸ ಅಲ್ಲಿದೆ.

ಇನ್ನೂ ಒಂದು ಮಾತು ಇದೆ, ನೆನೆದರೆ ಹೊಟ್ಟೆ ಉರಿಯುತ್ತೆ. 2013ರಲ್ಲಿ ಏರ್‌ಸೆಲ್ ಕಂಪನಿ ಭಾರತದಲ್ಲಿ ವಿಕಿಪೀಡಿಯವನ್ನು ಮೊಬೈಲಿನಲ್ಲಿ ಕಾಸಿಲ್ಲದೆ ಓದುವ ಸೌಲಭ್ಯ ಕೊಟ್ಟಿತು. ಬಡವರಿಗಾಗಿ ಮಾಡಿದ ಯೋಜನೆ. ಅಂದರೆ ಡೇಟಾಗೆ ಕಾಸಿಲ್ಲದ ಹುಡುಗನಿಗೆ ತೊಳೆದು ಬಳಿದ ಪುಟ ಬಿಟ್ಟಿ, ಆ ಪುಟದ ಆಚೆ ಇದ್ದ ಸತ್ಯಕ್ಕೆ ಕಾಸು.

ಹಾಗಾದರೆ ಇಂಥದ್ದನ್ನು ಕಂಡವರು ಬೀದಿಯಲ್ಲಿ ನಿಂತು ಕೂಗಬಾರದಾ? ಗುಟ್ಟಾಗಿ ಯಾಕೆ ಹೇಳಬೇಕು? ನಮ್ಮ ಚಳವಳಿಯ ಗುಣವೇ ಬಹಿರಂಗ. ಕರಪತ್ರ ಹಂಚಿದವರು, ಗೋಡೆಯ ಮೇಲೆ ಬರೆದವರು ನಾವು. ಗುಟ್ಟಿನ ದೂರು ಅಂದ ಕೂಡಲೇ ನಮಗೆ ನೆನಪಾಗೋದು ಮೂಗರ್ಜಿ. ನಮ್ಮ ಜನರೊಬ್ಬರು ಮೇಷ್ಟ್ರಾಗಿ ಊರಿಗೆ ಬಂದರೆ ಬಿಇಒ ಆಫೀಸಿಗೆ ವಾರಕ್ಕೊಂದು ಮೂಗರ್ಜಿ ಬೀಳುತ್ತೆ. ಓದುವ ಮೇಷ್ಟರುಗಳೇ, ಅದರ ರುಚಿ ನಿಮಗೆ ನಾವು ಹೇಳಬೇಕಾ? ಅದಕ್ಕೇ ಕೆಲವು ಗೆಳೆಯರು ನಮ್ಮನ್ನು ಗದರಿಸಿದರು: ಇದೇನ್ರಪ್ಪಾ, ಚಾಡಿ ಹೇಳೋದನ್ನ ಹೋರಾಟ ಅಂತೀರಾ?

ಚಾಡಿ ಅಲ್ಲ. ಮೂಗರ್ಜಿಗೆ ಸಹಿ ಇರೋದಿಲ್ಲ, ಆಧಾರ ಇರೋದಿಲ್ಲ, ಬರೀ ಹಗೆ ಇರುತ್ತೆ. ಓದಿದ ಸಾಹೇಬ ಮರುಪ್ರಶ್ನೆ ಕೇಳೋಕೂ ಆಗೋದಿಲ್ಲ. ಇಲ್ಲಿ ಹಂಗಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ದೂರಿಗೆ ಎರಡು ದಾರಿ ಇವೆ. ಪುಟದ ಇತಿಹಾಸದಲ್ಲಿ ಎಲ್ಲರಿಗೂ ಕಾಣುವ ಪುರಾವೆ ಇದ್ದರೆ ಅದನ್ನು ಬಹಿರಂಗ ಫಲಕದಲ್ಲೇ ಬರೆಯಬೇಕು. ಇನ್ನೊಂದು ಬಗೆಯ ಪುರಾವೆ ಇದೆ. ಕೆಲಸ ಹಂಚುವ ಜಾಲತಾಣದಲ್ಲಿ 'ಈ ಕಂಪನಿಗೆ ಪುಟ ಬೇಕು' ಅಂತ ಬಂದ ಜಾಹೀರಾತು, ಏಜೆನ್ಸಿಯ ಪತ್ರ, ಇಂಥ ಖಾತೆಯ ಹಿಂದೆ ಇಂಥ ಮನುಷ್ಯ ಇದ್ದಾನೆ ಅಂತ ತೋರಿಸುವ ಕಾಗದ. ಇದನ್ನು ಬಹಿರಂಗವಾಗಿ ಹಾಕೋ ಹಾಗಿಲ್ಲ. ಹಾಕಿದರೆ ಹಾಕಿದವನ ಖಾತೆಯೇ ಮುಚ್ಚಿಹೋಗಬಹುದು. ಇದಕ್ಕಾಗಿಯೇ ಒಂದು ಇಮೇಲ್ ವಿಳಾಸ ಇಟ್ಟಿದ್ದಾರೆ. ಹಿತಾಸಕ್ತಿಯ ತಿಕ್ಕಾಟದ ಬಗ್ಗೆ ಇರುವ ನಿಯಮದ ಪುಟದಲ್ಲೇ ಅದು ಸಿಗುತ್ತೆ. ಅಲ್ಲಿಗೆ ಬಂದದ್ದನ್ನು ಓದುವವರು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ ಕೆಲವೇ ಸ್ವಯಂಸೇವಕರು. ಅವರಿಗೂ ಸಂಬಳ ಇಲ್ಲ. ಅವರು ಮರುಪ್ರಶ್ನೆ ಕೇಳಬಹುದು, ನಾವು ಉತ್ತರ ಕೊಡಬಹುದು. ದೂರು ಕೊಟ್ಟವನ ಗುರುತು ಅವರಿಗೆ ಸಿಕ್ಕಿದರೂ ಊರಿಗೆ ಸಿಗೋದಿಲ್ಲ, ಅಷ್ಟೇ.

ಊರಿಗೆ ಯಾಕೆ ಸಿಗಬಾರದು ಅಂದರೆ, ಮತ್ತೆ ಐಐಪಿಎಂ ಕತೆಗೇ ಬನ್ನಿ. ಆ ಸಂಸ್ಥೆಯ ಮುಖ್ಯಸ್ಥನ ಬಗ್ಗೆ 2011ರಲ್ಲಿ ಬರೆದ ದೆಹಲಿಯ ಕ್ಯಾರವಾನ್ ಪತ್ರಿಕೆಯ ಮೇಲೆ 50 ಕೋಟಿ ರೂಪಾಯಿಯ ದಾವೆ ಬಿತ್ತು. ದಾವೆ ಹಾಕಿದ್ದು ದೆಹಲಿಯಲ್ಲಲ್ಲ, ಅಸ್ಸಾಮಿನ ಸಿಲ್ಚಾರಿನಲ್ಲಿ! 2013ರ ಫೆಬ್ರವರಿಯಲ್ಲಿ ಗ್ವಾಲಿಯರಿನ ಕೋರ್ಟಿನ ಆದೇಶ ಹಿಡಿದು ಟೆಲಿಕಾಂ ಇಲಾಖೆ 73 ಜಾಲಪುಟಗಳನ್ನು ತಡೆಹಿಡಿಯಿತು. ಅದರಲ್ಲಿ ಯುಜಿಸಿಯ ನೋಟಿಸೇ ಒಂದು. ಸರ್ಕಾರಿ ಸಂಸ್ಥೆಯ ನೋಟಿಸನ್ನೇ ಮುಚ್ಚಿಸಬಲ್ಲವರ ಎದುರಿಗೆ ತುರುವೇಕೆರೆಯ ಒಬ್ಬ ಬಿ.ಎ. ಹುಡುಗಿ ತನ್ನ ಹೆಸರು, ಅಪ್ಪನ ಹೆಸರು, ವಿಳಾಸ ಬರೆದು ನಿಲ್ಲಬೇಕಾ? ಪತ್ರಿಕೆಗಾದರೆ ವಕೀಲರಿದ್ದಾರೆ. ಅವಳಿಗೆ ಸಿಲ್ಚಾರಿನ ರೈಲಿಗೆ ಯಾರು ಕಾಸು ಕೊಡ್ತಾರೆ? 2024ರಲ್ಲಿ ಎಎನ್‌ಐ ಸುದ್ದಿಸಂಸ್ಥೆ ವಿಕಿಪೀಡಿಯದ ಪುಟವೊಂದರಿಂದ ತನ್ನ ಮಾನಹಾನಿ ಆಯಿತು ಅಂತ 2 ಕೋಟಿ ಕೇಳಿ ದೆಹಲಿ ಹೈಕೋರ್ಟಿಗೆ ಹೋಯಿತು. ಆ ಪುಟ ತಿದ್ದಿದವರ ವಿವರ ಕೊಡಿ ಅಂತ ಕೋರ್ಟು ಕೇಳಿತು. ಆ ಮೊಕದ್ದಮೆಯ ಸರಿ ತಪ್ಪು ಇಲ್ಲಿ ಬೇಡ. ಹೆಸರು ಒಮ್ಮೆ ಹೊರಬಿದ್ದರೆ ಅದನ್ನು ಯಾರು ಬೇಕಾದರೂ ಹಿಡಿದೆಳೆಯಬಹುದು ಅನ್ನೋದು ಅಲ್ಲಿ ಕಂಡಿತು. ಬೀದಿಯಲ್ಲಿ ಕೂಗಿ ಅನ್ನುವ ಗೆಳೆಯರ ಧೈರ್ಯಕ್ಕೆ ನಮಸ್ಕಾರ. ಆದರೆ ಬೇರೆಯವರ ಬೆನ್ನಿನ ಮೇಲೆ ಧೈರ್ಯ ತೋರಿಸಬೇಡಿ.

ಇನ್ನೊಂದು ಬೆನ್ನೂ ಇದೆ. ಅದು ಬರೆದವನ ಬೆನ್ನು. ನಮ್ಮ ಜೊತೆ ಹಾಸ್ಟೆಲಿನಲ್ಲಿದ್ದವನೊಬ್ಬ ಈಗ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡ್ತಾನೆ. ಎಂ.ಎ. ಆಗಿದೆ. ಅತಿಥಿ ಉಪನ್ಯಾಸಕನಾಗಿ ದುಡಿದ, ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. ಈಗ ಒಂದು ಏಜೆನ್ಸಿ, ಲೇಖನಕ್ಕಿಷ್ಟು ಅಂತ ಕೊಡುತ್ತೆ. ಎಷ್ಟೋ ಸಲ ಗಿರಾಕಿ ಯಾರು ಅಂತ ಅವನಿಗೂ ಹೇಳೋದಿಲ್ಲ. ಒಂದು ಕಾರ್ಖಾನೆಯ ಪುಟದಲ್ಲಿ ಕಾರ್ಮಿಕರ ಮುಷ್ಕರದ ಬಗ್ಗೆ ಒಂದು ಪ್ಯಾರಾ ಇತ್ತಂತೆ. ಅದನ್ನು ನಾಲ್ಕು ದಿನ ಬಿಟ್ಟು ಬಿಟ್ಟು ಒಂದೊಂದೇ ಸಾಲು ತೆಗಿ, ಯಾರಿಗೂ ಗೊತ್ತಾಗಬಾರದು ಅಂತ ಕೆಲಸ ಬಂತಂತೆ. ಅವನ ಅಪ್ಪ ಅಂಥದೇ ಒಂದು ಮುಷ್ಕರದಲ್ಲಿ ಕೆಲಸ ಕಳಕೊಂಡು ಊರಿಗೆ ಬಂದವರು. ಹುಡುಗ ಸಾಲು ತೆಗೆದ. ರೂಮಿನ ಬಾಡಿಗೆ ಕಟ್ಟಬೇಕಿತ್ತು.

ಇವನ ಫೋಟೋ, ಊರು, ನಂಬರು ಎಲ್ಲ ವಾಟ್ಸ್ಯಾಪಿನಲ್ಲಿ ಹರಿಯಬಿಟ್ಟರೆ ಏನಾಗುತ್ತೆ? ಏಜೆನ್ಸಿ ನಾಳೆ ಇನ್ನೊಬ್ಬ ಎಂ.ಎ. ಹುಡುಗನನ್ನು ಹಿಡಿಯುತ್ತೆ. ನಮ್ಮಲ್ಲಿ ಅಂಥವರಿಗೇನು ಬರವೇ! ಗಿರಾಕಿಗೆ ಒಂದು ಕೂದಲೂ ಕೊಂಕೋದಿಲ್ಲ. ಇವನ ಉಪನಾಮ ನೋಡಿದವರು ಮಾತ್ರ 'ಇವರಿಗೆ ವಿದ್ಯೆ ಕೊಟ್ಟರೆ ಮಾಡೋದು ಇದೇ' ಅಂತ ಶುರು ಹಚ್ಚುತ್ತಾರೆ. ಕೂಲಿಯವನ ಹೆಸರು ಬೀದಿಗೆ, ಧಣಿಯ ಹೆಸರು ಗುಟ್ಟಿಗೆ. ಇಂಥ ನ್ಯಾಯ ನಮಗೆ ಹೊಸದಲ್ಲ. ಗುಟ್ಟಾಗಿ ಕೊಟ್ಟ ದೂರಿನಲ್ಲಿ ಇದನ್ನು ತಿರುವು ಮುರುವು ಮಾಡೋಕೆ ಬರುತ್ತೆ. ಹುಡುಗನ ಹೆಸರು ಲಕೋಟೆಯೊಳಗೇ ಉಳಿಯಲಿ. ಆ ಪುಟದ ನೆತ್ತಿಯ ಮೇಲೆ ಇದು ಬಚ್ಚಿಟ್ಟ ಹಣಕ್ಕೆ ಬರೆದದ್ದಿರಬಹುದು ಅನ್ನುವ ಪಟ್ಟಿ ಬೀಳಲಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅಂಥ ಪಟ್ಟಿ ಇದೆ. ಗಿರಾಕಿಯ ಮುಖಕ್ಕೆ ಮಸಿ ಬಳಿಯೋಕೆ ಅದು ಸಾಕು, ಯಾಕೆಂದರೆ ಅವನು ಕಾಸು ಸುರಿದದ್ದೇ ಆ ಪುಟ ಶುಭ್ರವಾಗಿ ಕಾಣಲಿ ಅಂತ.

ಅವನಿಗೆ ನಾವು ಹೇಳಿದ್ದು ಇಷ್ಟೇ: ಆ ಇಮೇಲಿಗೆ ನೀನೇ ಬರಿ. ನಿನಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಯಾವ ಖಾತೆ ಯಾವ ಖಾತೆಗೆ ಭೇಷ್ ಅನ್ನುತ್ತೆ, ಕೆಲಸ ಎಲ್ಲಿಂದ ಬರುತ್ತೆ, ದುಡ್ಡು ಹೆಂಗೆ ಬರುತ್ತೆ, ಎಲ್ಲ ನೀನೇ ಬಲ್ಲೆ. ತಡ ಮಾಡಬೇಡ. ಖಾತೆಗಳ ತಾಂತ್ರಿಕ ಜಾಡು ಅವರ ಹತ್ತಿರ ಸುಮಾರು 90 ದಿನ ಮಾತ್ರ ಉಳಿಯುತ್ತೆ. ಅವನು ಬರೆದನೋ ಇಲ್ಲವೋ ನಾವು ಕೇಳಿಲ್ಲ. ಕೇಳಿದರೆ ಅದು ಗುಟ್ಟು ಹೇಗಾದೀತು?

ಆ ಇಮೇಲಿನ ಹಿಂದೆ ಕೂತವರನ್ನೂ ನಾವು ಸುಮ್ಮನೆ ಹೊಗಳೋದಿಲ್ಲ. ನಾಲ್ಕು ಜನ ಬಾಗಿಲು ಹಾಕಿಕೊಂಡು ತೀರ್ಮಾನ ಮಾಡುವ ಜಾಗ ಅಂದರೆ ನಮಗೆ ಮೊದಲು ಅನುಮಾನ. ಯಾವ ಪುಟದ ಮೇಲೆ ಏನು ಕ್ರಮ ಆಯಿತು, ಯಾವ ಕಂಪನಿಯ ಕೈವಾಡ ಅಂತ ಕಂಡಿತು ಅನ್ನೋದನ್ನ ಹೊರಗೆ ಹೇಳಲೇಬೇಕು. ದೂರುದಾರನ ಗುರುತೂ ಕೂಲಿಯವನ ಗುರುತೂ ಬಿಟ್ಟು ಬೇರೆ ಯಾವುದಕ್ಕೂ ಆ ಬಾಗಿಲು ಮುಚ್ಚಬಾರದು. ಇನ್ನೊಂದು, ಆ ವಿಳಾಸ ಇಂಗ್ಲಿಷ್ ವಿಕಿಪೀಡಿಯದ್ದು. ನಮ್ಮ ಜಿಲ್ಲೆಯ ಧಣಿಗಳು ತಮ್ಮ ಕೀರ್ತಿಯನ್ನು ಕನ್ನಡದಲ್ಲೂ ಬರೆಸಿಕೊಳ್ತಾರೆ. ಕನ್ನಡ ವಿಕಿಪೀಡಿಯದ ನಿರ್ವಾಹಕರು ಬೆರಳೆಣಿಕೆಯ ಜನ, ಎಲ್ಲರೂ ಬೇರೆ ಹೊಟ್ಟೆಪಾಡು ಇರುವವರು. ಕನ್ನಡದಲ್ಲಿ ಬರೆದ ಗುಟ್ಟಿನ ದೂರನ್ನು ಕನ್ನಡದಲ್ಲೇ ಓದಿ, ಮರುಪ್ರಶ್ನೆ ಕೇಳಿ, ಬಾಯಿ ಬಿಗಿಹಿಡಿಯಬಲ್ಲ ಜನ ಅಲ್ಲಿಗೆ ಬೇಕು. ಅವರು ನಮ್ಮ ಕೇರಿಗಳಿಂದಲೂ ಹೋಗಬೇಕು.

ಮೇಷ್ಟರುಗಳಿಗೆ ಒಂದು ಕೆಲಸ. ನಿಮ್ಮ ತಾಲ್ಲೂಕಿನ ಯಾವುದಾದರೂ ಖಾಸಗಿ ಕಾಲೇಜಿನ, ಕಾರ್ಖಾನೆಯ, ಶಾಸಕರ ಪುಟವನ್ನು ವಿದ್ಯಾರ್ಥಿಗಳ ಮುಂದೆ ತೆಗೆಯಿರಿ. ಲೇಖನ ಓದಿಸಬೇಡಿ. ಮೇಲ್ಗಡೆ 'ಇತಿಹಾಸ' ಅಂತ ಇರುತ್ತೆ, ಅದನ್ನು ಒತ್ತಿಸಿ. ಯಾವ ಖಾತೆ, ಯಾವ ದಿನ, ಯಾವ ಸಾಲು ಸೇರಿಸಿತು, ಯಾವ ಸಾಲು ತೆಗೆಯಿತು ಅಂತ ಪಟ್ಟಿ ಬರುತ್ತೆ. ಒಂದೇ ಪುಟ ಬಿಟ್ಟು ಬೇರೆ ಎಲ್ಲೂ ಕೈಯಾಡಿಸದ ಖಾತೆ ಇದೆಯಾ, ಟೀಕೆ ಬಂದ ಗಂಟೆಯೊಳಗೆ ಅಳಿಸಿದವರು ಯಾರು, ಆ ಖಾತೆಯ ಪುಟದಲ್ಲಿ 'ನಾನು ಇಂಥವರಿಂದ ಹಣ ಪಡೆದಿದ್ದೇನೆ' ಅಂತ ಬರೆದಿದೆಯಾ ಅಂತ ಹುಡುಕಿಸಿ. ಅನುಮಾನ ಬಂದ ಕೂಡಲೇ ಕಳ್ಳ ಅನ್ನಬೇಡಿ, ಅಭಿಮಾನಿಯೂ ಇರಬಹುದು. ಮೊದಲು ಆ ಖಾತೆಯ ಚರ್ಚೆಯ ಪುಟದಲ್ಲಿ ಮರ್ಯಾದೆಯಾಗಿ ಕೇಳಿಸಿ: ಅಣ್ಣಾ, ಅಕ್ಕಾ, ಇದನ್ನು ಬರೆಯೋಕೆ ನಿಮಗೆ ಯಾರಾದರೂ ಕೂಲಿ ಕೊಡ್ತಾರಾ? ಉತ್ತರ ಏನು ಬಂತು, ಬರಲೇ ಇಲ್ಲವಾ ಅನ್ನೋದನ್ನ ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ದೂರು ಬರೆಯುವ ದಿನ ಬಂದರೆ ಅದೇ ಮೊದಲ ಪುಟ.